ತಾಮಿಯಾ ಟಿಟಿ-02: ನಮ್ಮ ಧೂಳಿನ ನೆಲಕ್ಕೆ ಹೊಂದಿಸುವ ಬಗೆ, ರೊಕ್ಕ ಮೊದಲು ಎಲ್ಲಿ ಹಾಕಬೇಕು

ಟಿಟಿ-02 ಅಂದರೆ ತಾಮಿಯಾ ಕಂಪನಿಯ, ನಾವೇ ಜೋಡಿಸಿ ರಿಮೋಟಿನಿಂದ ಓಡಿಸುವ ಸಣ್ಣ ರೇಸ್ ಕಾರು. ಅದನ್ನು ತಗೊಂಡವರು ಮೊದಲು ಕೇಳುವುದು, "ಇದಕ್ಕ ಇನ್ನೂ ಜೋರಿನ ಮೋಟರ್ ಯಾವುದು ಕೂಡತದ?" ಅಂತ. ಹುಬ್ಬಳ್ಳಿ-ಧಾರವಾಡದ ನೆಲದ ಮೇಲೆ ರೇಸ್ ಓಡಿಸುವವರಿಗೆ ಆ ಪ್ರಶ್ನೆ ಕಡೆಗೆ ಬರಬೇಕು. ಡಬ್ಬಿಯಲ್ಲಿ ಬಂದಂತೆಯೇ ಕಟ್ಟಿದ ಟಿಟಿ-02 ಹಿಂದೆ ಬೀಳುವುದು ಮೋಟರಿನ ಶಕ್ತಿ ಸಾಲದೆ ಅಲ್ಲ. ಬೇರಿಂಗ್ ಇರಬೇಕಾದ ಕಡೆ ಬುಶ್ (ಬರೀ ಪ್ಲಾಸ್ಟಿಕ್ ಬಳೆ) ಇರುತ್ತದೆ, ಶಾಕ್ ಅಬ್ಸಾರ್ಬರ್‌ನಲ್ಲಿ ಎಣ್ಣೆ ಇರುವುದಿಲ್ಲ, ಟೈರ್ ನಮ್ಮ ನೆಲ ಹಿಡಿಯುವುದಿಲ್ಲ, ಸ್ಟೇರಿಂಗ್ ಸಡಿಲ ಇರುತ್ತದೆ. ಈ ನಾಲ್ಕನ್ನು ಸರಿ ಮಾಡಿದ ಗಾಡಿ ಸಾದಾ 540 ಅಳತೆಯ ಮೋಟರಿನಲ್ಲೇ, ದುಬಾರಿ ಮೋಟರ್ ಹಚ್ಚಿ ಉಳಿದದ್ದನ್ನು ಹಾಗೇ ಬಿಟ್ಟ ಗಾಡಿಗಿಂತ ಐದು ನಿಮಿಷದ ಹೀಟ್‌ನಲ್ಲಿ (ರೇಸಿನ ಒಂದು ಸರದಿಯಲ್ಲಿ) ಹೆಚ್ಚು ಲ್ಯಾಪ್ ಮಾಡುತ್ತದೆ. ಸಿಮೆಂಟ್ ಅಂಗಳ, ಬಾಸ್ಕೆಟ್‌ಬಾಲ್ ಕೋರ್ಟ್, ಹೊಸ ಲೇಔಟಿನ ಡಾಂಬರು, ಇಷ್ಟಕ್ಕಾದರೆ ಕಣ್ಣು ಮುಚ್ಚಿ ತಗೊಳ್ಳಬಹುದು. ಕಚ್ಚಾ ನೆಲದಲ್ಲಿ, ಹೊಲದ ದಾರಿಯಲ್ಲಿ ಓಡಿಸುವ ಆಸೆ ಇದ್ದರೆ ಇದು ಬೇಡವೇ ಬೇಡ, ಅಂಥ ನೆಲಕ್ಕೆಂದೇ ಮಾಡಿದ ಬಗ್ಗಿ ಗಾಡಿ ತಗೊಳ್ಳಿ.

2013ರಲ್ಲಿ ಬಂದ ಚಾಸಿ (ಗಾಡಿಯ ತಳಕಟ್ಟು) ಇದು. ನಿಜವಾದ ಕಾರಿನ 1/10 ಅಳತೆ, ನಾಲ್ಕೂ ಗಾಲಿಗೆ ಶಾಫ್ಟ್ ಡ್ರೈವ್, ತೊಟ್ಟಿಯಂಥ ಪ್ಲಾಸ್ಟಿಕ್ ತಳ, 257 ಮಿ.ಮೀ. ವೀಲ್‌ಬೇಸ್ (ಮುಂದಿನ-ಹಿಂದಿನ ಗಾಲಿಗಳ ನಡುವಿನ ಅಂತರ). ಬೆಲ್ಟ್ ಡ್ರೈವ್ ಇರುವ ದುಬಾರಿ ರೇಸ್ ಚಾಸಿಗಳು ನುಣುಪಾದ ಕಾರ್ಪೆಟ್ ಮೇಲೆ ಇದಕ್ಕಿಂತ ಎಷ್ಟೋ ಚುರುಕು. ಆದರೆ ನಮ್ಮಲ್ಲಿ ತೆರೆದ ಬೆಲ್ಟಿನ ಹಲ್ಲಿಗೆ ಉಸುಕಿನ ಒಂದು ಹರಳು ಸಿಕ್ಕರೆ ಅವತ್ತಿನ ರೇಸ್ ಮುಗಿದಂತೆ. ಟಿಟಿ-02ರ ಗಿಯರ್‌ಗಳು ಮುಚ್ಚಿದ ಪೆಟ್ಟಿಗೆಯಲ್ಲಿವೆ. ಧಾರವಾಡದ ಮಸಾರಿ ಧೂಳಿಗೂ ಗದಗ ಕಡೆಯ ಎರಿ ಮಣ್ಣಿನ ಹಿಟ್ಟಿನಂಥ ಧೂಳಿಗೂ ತಡೆದು ನಿಲ್ಲುವ ಗುಣ ಇದಕ್ಕೆ ಬಂದದ್ದು ಅಲ್ಲಿಂದಲೇ.

ಡಬ್ಬಿ ಕೊಳ್ಳುವಾಗ ಹೊರಗಿನ ಚೀಟಿ ಸರಿಯಾಗಿ ಓದಿ. ಕೆಲವು ಕಿಟ್‌ಗಳಲ್ಲಿ ಮೋಟರ್, ಇಎಸ್‌ಸಿ (ಮೋಟರಿನ ವೇಗ ನಿಯಂತ್ರಿಸುವ ಸಾಧನ) ಇರುತ್ತವೆ, ಕೆಲವುಗಳಲ್ಲಿ ಇರುವುದಿಲ್ಲ. ಸರ್ವೋ (ಸ್ಟೇರಿಂಗ್ ತಿರುಗಿಸುವ ಸಣ್ಣ ಮೋಟರ್), ರೇಡಿಯೋ (ಕೈಯಲ್ಲಿ ಹಿಡಿಯುವ ರಿಮೋಟ್), ಬ್ಯಾಟರಿ, ಚಾರ್ಜರ್, ಬಾಡಿಗೆ ಬಣ್ಣ ಇವನ್ನು ಬೇರೆಯಾಗಿಯೇ ಲೆಕ್ಕ ಹಿಡಿಯಿರಿ. ಬಿಡಿಭಾಗ ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬರುವಷ್ಟರಲ್ಲಿ ಭಾನುವಾರ ಕಳೆದಿರುತ್ತದೆ, ಆದ್ದರಿಂದ ಮೊದಲ ಆರ್ಡರಿನಲ್ಲೇ ಬೇರಿಂಗ್ ಸೆಟ್ಟೂ ಒಂದು ಜೋಡಿ ಮುಂದಿನ ನಕಲ್ಲೂ (ಗಾಲಿ ಕೂರುವ, ಸ್ಟೇರಿಂಗ್‌ಗೆ ತಿರುಗುವ ತುಂಡು) ಸೇರಿಸಿಬಿಡಿ.

ಕಟ್ಟುವ ಹೊತ್ತಿಗೆ ಹಾಳಾಗುವುದು ಸ್ಕ್ರೂ. ತಾಮಿಯಾ ಸ್ಕ್ರೂ ನೋಡಲು ಫಿಲಿಪ್ಸ್ ತರಹವೇ ಕಂಡರೂ ಜಪಾನಿನ ಜೆಐಎಸ್ ಅಳತೆಯದು. ಸಾದಾ ಫಿಲಿಪ್ಸ್ ಹಾಕಿ ಜೋರು ಮಾಡಿದರೆ ತಿರುಗಿಸುವ ಮೂತಿ ಮೇಲೆದ್ದು ತಲೆ ಸವೆಯುತ್ತದೆ. ಒಂದು ಒಳ್ಳೆಯ ಜೆಐಎಸ್ ನಂಬರ್ 2 ತಗೊಳ್ಳಿ. ಪ್ಲಾಸ್ಟಿಕ್‌ನಲ್ಲಿ ತಾನೇ ದಾರಿ ಕೊರೆದುಕೊಳ್ಳುವ ಸ್ಕ್ರೂಗಳಿವು. ಬಿಚ್ಚಿ ಮತ್ತೆ ಹಚ್ಚುವಾಗ ಮೊದಲು ಉಲ್ಟಾ ತಿರುಗಿಸಿ. 'ಟಕ್' ಅಂತ ಹಳೆಯ ಎಳೆಗೆ ಕೂತ ಮೇಲೆ ಬಿಗಿ ಮಾಡಿ. ಇದನ್ನು ಬಿಟ್ಟರೆ ಹತ್ತು ಸಲ ಬಿಚ್ಚುವಷ್ಟರಲ್ಲಿ ತೂತು ಸಡಿಲಾಗಿ, ಓಡುವಾಗ ಸ್ಕ್ರೂ ಉದುರುತ್ತದೆ. ಥ್ರೆಡ್‌ಲಾಕ್ (ಸ್ಕ್ರೂ ಸಡಿಲಾಗದಂತೆ ಹಚ್ಚುವ ಅಂಟು) ಲೋಹಕ್ಕೆ ಲೋಹ ಕೂಡುವ ಕಡೆ ಮಾತ್ರ. ಪ್ಲಾಸ್ಟಿಕ್‌ಗೆ ತಾಗಿದರೆ ಅದು ಸೀಳು ಬಿಡುತ್ತದೆ.

ಸಸ್ಪೆನ್ಷನ್ ಆರ್ಮ್ ಹಚ್ಚಿದ ಮೇಲೆ ಶಾಕ್ ಜೋಡಿಸುವ ಮುಂಚೆ ಕೈಯಿಂದ ಎತ್ತಿ ಬಿಡಿ. ತನ್ನ ಭಾರಕ್ಕೇ ಕೆಳಗೆ ಬೀಳಬೇಕು. ಅರ್ಧಕ್ಕೆ ನಿಂತರೆ ಸ್ಕ್ರೂ ಕಾಲು ಸುತ್ತು ಸಡಿಲಿಸಿ, ಇಲ್ಲವೇ ಅಂಚಿನಲ್ಲಿ ಉಳಿದ ಪ್ಲಾಸ್ಟಿಕ್ ಮುಳ್ಳನ್ನು ಬ್ಲೇಡಿನಿಂದ ಕೆರೆಯಿರಿ. ನಾಲ್ಕು ಆರ್ಮ್‌ಗಳಲ್ಲಿ ಒಂದು ಬಿಗಿ ಇದ್ದರೂ ಗಾಡಿ ಎಡಕ್ಕೊಂದು ತರಹ ಬಲಕ್ಕೊಂದು ತರಹ ತಿರುಗುತ್ತದೆ. ಆಮೇಲೆ ರೇಡಿಯೋದಲ್ಲಿ ನೇರ ಓಟ ಹೊಂದಿಸುವ ಟ್ರಿಮ್ ಎಷ್ಟು ಒತ್ತಿದರೂ ಅದು ಹೋಗುವುದಿಲ್ಲ.

ರೊಕ್ಕದ ಮೊದಲ ಪಾಲು ಬೇರಿಂಗ್‌ಗೆ. ಕಿಟ್‌ನ ಪ್ಲಾಸ್ಟಿಕ್ ಬುಶ್ ಜಾಗಕ್ಕೆ 11×5 ಮಿ.ಮೀ. ಬಾಲ್ ಬೇರಿಂಗ್. ಬುಶ್‌ನೊಳಗೆ ಧೂಳು ಹೊಕ್ಕರೆ ಗ್ರೀಸ್ ಜೊತೆ ಕೂಡಿ ಅರೆಯುವ ಮಸಾಲೆಯೇ ಆಗಿ ಆ್ಯಕ್ಸಲ್ ತಿನ್ನುತ್ತದೆ, ಗಾಲಿ ಅಲುಗಾಡುತ್ತದೆ, ಮೋಟರ್ ಸುಮ್ಮನೆ ಬಿಸಿಯಾಗುತ್ತದೆ. ಎರಡೂ ಬದಿ ರಬ್ಬರ್ ಸೀಲ್ ಇರುವ ಬೇರಿಂಗ್ ತಗೊಳ್ಳಿ. ಲೋಹದ ಮುಚ್ಚಳದವು ಇನ್ನಷ್ಟು ಹಗುರಾಗಿ ತಿರುಗುತ್ತವೆ ನಿಜ, ಆದರೆ ನಮ್ಮ ಧೂಳಿನಲ್ಲಿ ಬೇಗ ಕರಕರ ಅನ್ನಲು ಶುರು ಮಾಡುತ್ತವೆ.

ಎರಡನೆಯ ಪಾಲು ಟೈರ್‌ಗೆ, ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು. ರೇಸ್‌ನಲ್ಲಿ ಅರ್ಧಕ್ಕಿಂತ ಹೆಚ್ಚು ಸಮಯ ಗೆಲ್ಲುವುದೂ ಕಳೆಯುವುದೂ ಟೈರಿನಲ್ಲೇ. 26 ಮಿ.ಮೀ. ಅಗಲದ, ಒಳಗೆ ಬೆಲ್ಟ್ ಇರುವ ರಬ್ಬರ್ ಸ್ಲಿಕ್ (ಮೈಮೇಲೆ ಗೀರಿಲ್ಲದ ಟೈರ್) ಬೇಕು. ಮೇಲೆ 24, 28, 32, 36 ಅಂತ ಅಂಕಿ ಇರುತ್ತದೆ. ಅಂಕಿ ಸಣ್ಣದಾದಷ್ಟು ರಬ್ಬರ್ ಮೆತ್ತಗೆ, ತಂಪು ನೆಲಕ್ಕೆ ಸರಿ. ಡಿಸೆಂಬರ್ ಮುಂಜಾನೆ ಧಾರವಾಡದ ಸಿಮೆಂಟ್‌ಗೆ 24 ಅಥವಾ 28. ಏಪ್ರಿಲ್ ಮಧ್ಯಾಹ್ನ ಹುಬ್ಬಳ್ಳಿಯಲ್ಲಿ ಗಾಳಿಯೇ 38 ಡಿಗ್ರಿ ಹತ್ತಿರ ಇದ್ದು ಡಾಂಬರು ಕೈಗೆ ಸುಡುವಾಗ 36. ಬಿಸಿ ನೆಲದಲ್ಲಿ ಮೆತ್ತಗಿನ ಟೈರ್ ಮೊದಲೆರಡು ನಿಮಿಷ ಅಂಟಿದಂತೆ ಓಡಿ, ಆಮೇಲೆ ಮೈಮೇಲೆ ಎಣ್ಣೆ ಬಂದಂತಾಗಿ ಜಾರುತ್ತದೆ, ಬೇಗ ಸವೆಯುತ್ತದೆ ಕೂಡ.

ರಿಮ್‌ಗೆ ಅಂಟಿಸುವ ಕೆಲಸವನ್ನು ಅವಸರದಲ್ಲಿ ಮಾಡಬೇಡಿ. ಹೊಸ ಟೈರಿನ ಅಂಚಿನಲ್ಲಿ ಅಚ್ಚಿನ ಎಣ್ಣೆ ಇರುತ್ತದೆ. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಅಂಚನ್ನೂ ರಿಮ್ಮಿನ ಗೀರನ್ನೂ ಒರೆಸಿ. ಒಳಗಿನ ಸ್ಪಾಂಜ್ ಎಲ್ಲಿಯೂ ಮಡಚದೆ ಸುತ್ತಲೂ ಸಮ ಕೂತಿದೆಯೇ ಬೆರಳಾಡಿಸಿ ನೋಡಿ. ನಾಲ್ಕು ದಿಕ್ಕಿಗೆ ತೆಳು ಸೂಪರ್ ಗ್ಲೂ ಒಂದೊಂದು ಹನಿ, ಅದು ಹಿಡಿದ ಮೇಲೆ ಉಳಿದ ಸುತ್ತು. ಮರುದಿನ ಟೈರಿನ ಪಕ್ಕವನ್ನು ಹೆಬ್ಬೆರಳಿನಿಂದ ಎಳೆದು ನೋಡಿ, ಬಾಯಿ ಬಿಟ್ಟ ಕಡೆ ಮತ್ತೊಂದು ಹನಿ. ಅಂಟು ಬಿಟ್ಟ ಟೈರ್ ನೇರ ದಾರಿಯಲ್ಲಿ ಉಬ್ಬಿಕೊಂಡು ಗಾಡಿಯನ್ನು ಎಳೆದಾಡುತ್ತದೆ. ಎಷ್ಟೋ ಜನ ಅದನ್ನು ಸ್ಟೇರಿಂಗ್ ದೋಷ ಅಂದುಕೊಂಡು ಸರ್ವೋ ಬದಲಿಸುತ್ತಾರೆ.

ಹೀಟ್ ಹೀಟ್‌ಗೂ ನಡುವೆ ಒದ್ದೆ ಬಟ್ಟೆಯಿಂದ ಟೈರ್ ಒರೆಸಿ ಒಣಗಲು ಬಿಡಿ. ಟ್ರ್ಯಾಕ್ ಗಡಿಯಾರದ ದಿಕ್ಕಿನಲ್ಲಿದ್ದರೆ ಎಡಗಡೆಯ ಟೈರ್ ಹೆಚ್ಚು ಸವೆಯುತ್ತದೆ, ದಿನದ ಕೊನೆಗೆ ಎಡ-ಬಲ ಅದಲು ಬದಲು ಮಾಡಿ. ಗೆಳೆಯರು ಸೇರಿ ಓಡಿಸುವ ಕಡೆ ಎಲ್ಲರಿಗೂ ಒಂದೇ ಟೈರ್, ಒಂದೇ ಮೋಟರ್ ಅಂತ ನಿಯಮ ಮಾಡಿಕೊಳ್ಳುವುದು ಭಾಳ ಒಳ್ಳೆಯದು. ಕಿಸೆಗೂ ಹಗುರ, ಓಡಿಸುವ ಕೈ ಯಾರದು ಒಳ್ಳೆಯದು ಅನ್ನುವುದೂ ಗೊತ್ತಾಗುತ್ತದೆ.

ಮೂರನೆಯದು ಶಾಕ್. ಸಾದಾ ಕಿಟ್‌ನಲ್ಲಿ ಬರುವುದು ಎಣ್ಣೆಯಿಲ್ಲದ ಘರ್ಷಣೆಯ ಶಾಕ್. ನಮ್ಮ ಸಿಮೆಂಟ್ ಅಂಗಳದ ಜೋಡಣೆ ಗೆರೆಗಳ ಮೇಲೆ ಗಾಡಿ ಕುಪ್ಪಳಿಸಲು ಇದೇ ಕಾರಣ. ತಾಮಿಯಾದ್ದೇ ಸಿವಿಎ ಹೆಸರಿನ ಎಣ್ಣೆ ಶಾಕ್ ಸಾಕು, ಅಲ್ಯೂಮಿನಿಯಂ ಬೇಕಿಲ್ಲ. 400 ನಂಬರ್ ಸಿಲಿಕಾನ್ ಎಣ್ಣೆಯಿಂದ ಶುರು ಮಾಡಿ. ಎಣ್ಣೆ ತುಂಬಿ ಪಿಸ್ಟನ್ ನಿಧಾನ ಮೇಲೆ ಕೆಳಗೆ ಆಡಿಸಿ, ಗುಳ್ಳೆ ಪೂರ್ತಿ ಮೇಲೆ ಬರುವ ತನಕ ನೆಟ್ಟಗೆ ನಿಲ್ಲಿಸಿಡಿ. ಆಮೇಲೆ ರಾಡ್ ಒಳಗೆ ದೂಡಿಟ್ಟುಕೊಂಡು ಮುಚ್ಚಳ ತಿರುಗಿಸಿ, ಹೆಚ್ಚಿನ ಎಣ್ಣೆ ಅಂಚಿನಿಂದ ಹೊರಬರಲಿ. ನಾಲ್ಕನ್ನೂ ಕೈಯಲ್ಲಿ ಹಿಡಿದು ಒತ್ತಿ ಬಿಟ್ಟಾಗ ರಾಡ್ ಒಂದೇ ಸಮ ಹೊರಗೆ ಬರಬೇಕು. ಒಂದು ಚಿಮ್ಮಿ ಒಂದು ಒಳಗೇ ಉಳಿದರೆ ಮತ್ತೆ ಬಿಚ್ಚಿ. ಬಿಸಿಲಿಗೆ ಎಣ್ಣೆ ತೆಳುವಾಗುತ್ತದೆ, ಮುಂಜಾನೆ 400ರಲ್ಲಿ ಸರಿ ಇದ್ದ ಗಾಡಿ ಮಧ್ಯಾಹ್ನ ತೇಲಿದಂತೆ ಅನ್ನಿಸಿದರೆ 500 ಹಾಕಿ. ಸ್ಪ್ರಿಂಗ್‌ನಲ್ಲಿ ಕೆಂಪು ಮೆತ್ತಗೆ, ಹಳದಿ ಮಧ್ಯಮ, ನೀಲಿ ಗಟ್ಟಿ. ಜಾರುವ ನೆಲಕ್ಕೆ ಹಿಂದೆ ಕೆಂಪು, ಮುಂದೆ ಹಳದಿ ಹಾಕಿ ಆರಂಭಿಸಬಹುದು. ಬ್ಯಾಟರಿ ಹಾಕಿದ ಗಾಡಿಯನ್ನು ಒಂದು ಗೇಣು ಮೇಲಿಂದ ಸಮನಾಗಿ ಬಿಡಿ: ಒಮ್ಮೆ ಕೂತು ಎದ್ದು ನಿಲ್ಲಬೇಕು, ಪುಟಿಯಬಾರದು, ತಳ ಜೋರಾಗಿ ಬಡಿಯಲೂಬಾರದು.

ನುಣುಪಾದ ಟ್ರ್ಯಾಕ್‌ಗಳಲ್ಲಿ ತಳ 5 ಮಿ.ಮೀ. ಎತ್ತರದಲ್ಲಿಟ್ಟು ಓಡಿಸುತ್ತಾರೆ. ಇಲ್ಲಿ ಅದು ನಡೆಯುವುದಿಲ್ಲ. ಕೋರ್ಟ್‌ನಲ್ಲಿ 6, ಡಾಂಬರಿನಲ್ಲಿ 7ರಿಂದ 8 ಇಡಿ. ಅಳೆಯಲು ವಿಶೇಷ ಸಾಮಾನು ಬೇಕಿಲ್ಲ. ಅಡುಗೆಮನೆಯ ಕಡಪಾ ಕಲ್ಲಿನ ಮೇಲೆ ಬ್ಯಾಟರಿ, ಬಾಡಿ ಸಮೇತ ಗಾಡಿ ಇಟ್ಟು 6 ಮಿ.ಮೀ. ಡ್ರಿಲ್ ಬಿಟ್‌ನ ಹಿಂದಿನ ತುದಿ ತಳದಡಿ ತೂರಿಸಿ. ಅದು ಹೋಗಿ 7ರದ್ದು ಸಿಕ್ಕಿಬಿದ್ದರೆ ಎತ್ತರ ಗೊತ್ತಾಯಿತು. ಸ್ಪ್ರಿಂಗ್ ಮೇಲಿನ ಸ್ಪೇಸರ್ ಬದಲಿಸಿ ಹೊಂದಿಸಿ. ಅದೇ ಕಲ್ಲಿನ ಮೇಲೆ ಮುಂಭಾಗದ ನಟ್ಟನಡುವೆ ಸ್ಕ್ರೂಡ್ರೈವರ್ ತುದಿ ಇಟ್ಟು ಮೆಲ್ಲಗೆ ಎತ್ತಿ. ಎರಡೂ ಗಾಲಿ ಒಟ್ಟಿಗೆ ನೆಲ ಬಿಡಬೇಕು. ಒಂದು ಮೊದಲೇ ಎದ್ದರೆ ಸ್ಪೇಸರ್‌ನಲ್ಲಿ ವ್ಯತ್ಯಾಸ ಇದೆ, ಇಲ್ಲವೇ ಮೇಲಿನ ಸ್ಕ್ರೂಗಳನ್ನು ಏರುಪೇರಾಗಿ ಬಿಗಿ ಮಾಡಿ ತಳ ತಿರುಚಿದೆ.

ಹಿಂದಿನ ಗಾಲಿಗಳಿಗೆ 2.5 ಡಿಗ್ರಿ ಟೋ-ಇನ್ (ಗಾಲಿಯ ಮುಂದಿನ ಅಂಚು ಒಳಮುಖವಾಗಿರುವುದು) ಕೊಡುವ ಅಪ್‌ರೈಟ್, ಅಂದರೆ ಗಾಲಿ ಕೂರುವ ತುಂಡು, ಬೇರೆಯಾಗಿ ಸಿಗುತ್ತದೆ. ಈ ಚಾಸಿಗೆ ಸಿಗುವ ಎಲ್ಲ ಹೆಚ್ಚುವರಿ ಭಾಗಗಳಲ್ಲಿ ಕೊಟ್ಟ ರೊಕ್ಕಕ್ಕೆ ಅತಿ ಹೆಚ್ಚು ಫಲ ಕೊಡುವ ಪ್ಲಾಸ್ಟಿಕ್ ತುಂಡು ಅದು. ತಿರುವಿನಿಂದ ಹೊರಬರುವಾಗ ಬಾಲ ಬೀಸುವುದು ತಕ್ಷಣ ಕಡಿಮೆಯಾಗುತ್ತದೆ. ಎಡ-ಬಲ ಗಾಲಿ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್‌ನಲ್ಲಿ (ಡಿಫ್) ಮುಂದೆ ದಪ್ಪ ಆ್ಯಂಟಿ-ವೇರ್ ಗ್ರೀಸ್ ತುಂಬಿ, ಹಿಂದೆ ತೆಳು ಗ್ರೀಸ್ ಮಾತ್ರ. ಕಿಟ್‌ನ ಡಿಫ್‌ಗೆ ಸೀಲ್ ಇಲ್ಲ, ಎಣ್ಣೆ ಹಾಕಿದರೆ ಸೋರಿ ಹೋಗುತ್ತದೆ.

ನಾಲ್ಕನೆಯ ಪಾಲು ಸ್ಟೇರಿಂಗ್. ಮುಂದಿನ ಗಾಲಿ ಹಿಡಿದು ಎಡ ಬಲ ಅಲ್ಲಾಡಿಸಿದರೆ ಸರ್ವೋ ಅಲುಗುವ ಮುಂಚೆಯೇ ಗಾಲಿ ಕೆಲವು ಡಿಗ್ರಿ ಆಡುತ್ತದೆ. ಬೇರಿಂಗ್ ಮೇಲೆ ತಿರುಗುವ ಸ್ಟೇರಿಂಗ್ ಸೆಟ್ ಮತ್ತು ಗಟ್ಟಿ ಸರ್ವೋ ಸೇವರ್ (ಡಿಕ್ಕಿಯ ಪೆಟ್ಟು ಸರ್ವೋಗೆ ತಾಗದಂತೆ ತಡೆಯುವ ತುಂಡು) ಹಾಕಿದರೆ ನೇರ ದಾರಿಯಲ್ಲಿ ಗಾಡಿ ಹಾವಿನಂತೆ ಹರಿಯುವುದು ನಿಲ್ಲುತ್ತದೆ. ಸರ್ವೋ ಶಾಫ್ಟಿನ ಹಲ್ಲು ಎಷ್ಟು ನೋಡಿಕೊಳ್ಳಿ, ಕಂಪನಿಗೊಂದು ತರಹ: ಫುಟಾಬಾ ಮತ್ತು ಸಾವಾಕ್ಸ್ 25, ಸಾನ್ವಾ 23, ಹೈಟೆಕ್ 24. ತಪ್ಪು ಅಡಾಪ್ಟರ್ ಒತ್ತಿ ಕೂಡಿಸಿದರೆ ಮೊದಲ ಡಿಕ್ಕಿಗೇ ಹಲ್ಲು ಹೋಗುತ್ತದೆ. ರೇಡಿಯೋ, ರಿಸೀವರ್ ಆನ್ ಮಾಡಿ, ಟ್ರಿಮ್ ಸೊನ್ನೆಗೆ ತಂದು, ಸರ್ವೋ ನಡುವಿಗೆ ಬಂದ ಮೇಲೆಯೇ ಹಾರ್ನ್ (ಸರ್ವೋ ಶಾಫ್ಟಿಗೆ ಕೂಡುವ ಕೈ) ಹಚ್ಚಿ.

ಅಲ್ಯೂಮಿನಿಯಂ ಆರ್ಮ್, ಅಲ್ಯೂಮಿನಿಯಂ ನಕಲ್ ಅಂತ ಬಣ್ಣ ಬಣ್ಣದ ಸೆಟ್ ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುತ್ತವೆ. ಬೇಡ. ಪ್ಲಾಸ್ಟಿಕ್ ಆರ್ಮ್ ಬಾಗಿ ಮತ್ತೆ ನೆಟ್ಟಗಾಗುತ್ತದೆ, ತೀರಾ ಆದರೆ ಮುರಿದು ಅಲ್ಲಿಗೇ ಮುಗಿಯುತ್ತದೆ. ಲೋಹದ ಆರ್ಮ್ ಡೊಂಕಾಗಿ ಹಾಗೇ ಉಳಿಯುತ್ತದೆ, ಪೆಟ್ಟನ್ನು ನೇರ ಚಾಸಿಗೆ ದಾಟಿಸುತ್ತದೆ. ಮೋಟರ್ ಮೌಂಟ್ ಮಾತ್ರ ಅಲ್ಯೂಮಿನಿಯಂ ಆಗಿದ್ದರೆ ಉಪಯೋಗ, ಬಿಸಿ ಎಳೆದುಕೊಳ್ಳುತ್ತದೆ. ಸ್ಪೇಸರ್, ವಾಷರ್ ಬೇಕಾದರೆ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನ ಯಾವ ಲೇತ್‌ನವರಿಗಾದರೂ ಅಳತೆ ಬರೆದು ಕೊಡಿ, ಡೆಲ್ರಿನ್ ಎಂಬ ಗಟ್ಟಿ ಪ್ಲಾಸ್ಟಿಕ್ ತುಂಡಿನಲ್ಲಿ ತಿರುಗಿಸಿ ಕೊಡುತ್ತಾರೆ.

ಈಗ ಮೋಟರ್. ಕಿಟ್‌ನ 70 ಹಲ್ಲಿನ ಸ್ಪರ್ (ದೊಡ್ಡ ಗಿಯರ್), 22 ಹಲ್ಲಿನ ಪಿನಿಯನ್ (ಮೋಟರ್ ಶಾಫ್ಟಿನ ಸಣ್ಣ ಗಿಯರ್) ಸೇರಿ 8.27ರ ಅನುಪಾತ, ಅಂದರೆ ಗಾಲಿ ಒಂದು ಸುತ್ತು ತಿರುಗಲು ಮೋಟರ್ 8.27 ಸುತ್ತು. ಲೆಕ್ಕ ಸುಲಭ: ಸ್ಪರ್ ಭಾಗಿಸು ಪಿನಿಯನ್, ಗುಣಿಸು 2.6 (ಚಾಸಿಯ ಒಳಗಿನ ಗಿಯರ್‌ಗಳ ಅನುಪಾತ). ತಿರುವು ಹೆಚ್ಚಿರುವ ನಮ್ಮ ಸಣ್ಣ ಅಂಗಳಗಳಿಗೆ 22 ಸಾಕು. ಓಡಿಸಿ ಬಂದ ಮೇಲೆ ಮೋಟರ್ ಮೇಲೆ ಬೆರಳಿಟ್ಟು ಮೂರು ಸೆಕೆಂಡ್ ತಡೆಯಲಾಗದಿದ್ದರೆ ಒಂದು ಹಲ್ಲು ಇಳಿಸಿ, 21ಕ್ಕೆ 8.67 ಆಗುತ್ತದೆ. ಪಿನಿಯನ್ ಬದಲಿಸಿದಾಗ ಕೈಪಿಡಿಯ ಕೋಷ್ಟಕ ಹೇಳಿದ ತೂತಿಗೇ ಮೋಟರ್ ಕೂಡಿಸಬೇಕು. ಪಿನಿಯನ್‌ನ ಸಣ್ಣ ಸ್ಕ್ರೂ ಶಾಫ್ಟಿನ ಚಪ್ಪಟೆ ಮುಖದ ಮೇಲೇ ಕೂರಬೇಕು, ದುಂಡು ಕಡೆ ಕೂತರೆ ಎರಡನೆಯ ಲ್ಯಾಪಿಗೇ ಜಾರುತ್ತದೆ. ಹೊಸ 540 ಮೋಟರನ್ನು ಗಾಡಿಗೆ ಹಚ್ಚುವ ಮುಂಚೆ ಟಾರ್ಚಿನ ದೊಡ್ಡ ಸೆಲ್ ಎರಡರಿಂದ 3 ವೋಲ್ಟ್ ಕೊಟ್ಟು ಹತ್ತು ನಿಮಿಷ ಬರಿದೆ ತಿರುಗಿಸಿ. ಬ್ರಶ್ ತುದಿ ಕಮ್ಯುಟೇಟರ್ ದುಂಡಿಗೆ ಸವೆದು ಕೂರುತ್ತದೆ, ಕಿಡಿ ಕಡಿಮೆಯಾಗುತ್ತದೆ. ಇನ್ನೂ ಜೋರಿನ 17.5ಟಿ ಬ್ರಶ್‌ಲೆಸ್ (ಬ್ರಶ್ ಇಲ್ಲದ) ಮೋಟರ್ ಹಾಕಬೇಕೆನ್ನುವವರು ಇಷ್ಟೆಲ್ಲ ಮುಗಿಸಿ, ಸಾದಾ ಮೋಟರಿನಲ್ಲಿ ಐದು ನಿಮಿಷ ಎಲ್ಲಿಯೂ ಬಡಿಯದೆ ಓಡಿಸಲು ಬಂದ ಮೇಲೆ ಹಾಕಲಿ.

ಬ್ಯಾಟರಿ 2ಎಸ್ ಲಿಪೊ (ಎರಡು ಸೆಲ್‌ನ ಲಿಥಿಯಂ ಪಾಲಿಮರ್) ತಗೊಂಡರೆ ಅಂಚು ದುಂಡಗಿರುವ ಕೇಸಿನದೇ ಬೇಕು. ಚೌಕ ಅಂಚಿನದು ಚಾಸಿಯ ತಟ್ಟೆಯಲ್ಲಿ ಕೂರುವುದಿಲ್ಲ. ಇಎಸ್‌ಸಿ ಹಾಬಿವಿಂಗ್ 1060 ಆಗಿದ್ದರೆ ಅದರ ಸಣ್ಣ ಜಂಪರ್ ಲಿಪೊ ಕಡೆ ಇದೆಯೇ ನೋಡಿ. ನಿಕಲ್ ಕಡೆ ಉಳಿದರೆ ಸರಿಯಾದ ಹೊತ್ತಿಗೆ ಕಟ್ ಆಗದೆ ಸೆಲ್ ಸಾಯುತ್ತದೆ. ತಾಮಿಯಾದ ಬಿಳಿ ಪ್ಲಾಸ್ಟಿಕ್ ಕನೆಕ್ಟರ್ ಹೆಚ್ಚಿನ ಕರೆಂಟಿಗೆ ಕರಗುತ್ತದೆ, ಬೆಸುಗೆ ಬಲ್ಲವರ ಕೈಯಲ್ಲಿ ಟಿ-ಪ್ಲಗ್‌ಗೆ ಬದಲಿಸಿ. 1ಸಿಗಿಂತ (ಪ್ಯಾಕ್‌ ಒಂದು ಗಂಟೆಯಲ್ಲಿ ತುಂಬುವಷ್ಟು ಕರೆಂಟಿಗಿಂತ) ಹೆಚ್ಚಿಗೆ ಚಾರ್ಜ್ ಮಾಡಬೇಡಿ, ವಾರಗಟ್ಟಲೆ ಇಡುವಾಗ ಸೆಲ್‌ಗೆ 3.8 ವೋಲ್ಟ್ ಬಿಟ್ಟಿಡಿ. ಬೇಸಿಗೆಯಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಲೇಬೇಡಿ. ಉಬ್ಬಿದ ಪ್ಯಾಕ್‌ನ ಆಯುಷ್ಯ ಮುಗಿದಿದೆ, ಎಷ್ಟೇ ಹೊಸದಿರಲಿ.

ಬಾಡಿಗೆ ಪಾಲಿಕಾರ್ಬೊನೇಟ್ ಬಣ್ಣವನ್ನೇ ಒಳಗಿನಿಂದ ಹೊಡೆಯಬೇಕು, ಗೋಡೆ-ಗೇಟಿನ ಸ್ಪ್ರೇ ಮೊದಲ ಡಿಕ್ಕಿಗೆ ಸಿಪ್ಪೆ ಏಳುತ್ತದೆ. ಗಾಲಿ ಕಮಾನಿನ ಒಳಗೆ ಗಿಲಾಯಿ ಬಿರುಕಿಗೆ ಹಚ್ಚುವ ಜಾಳಿಗೆ ಟೇಪ್ ಅಂಟಿಸಿ, ಮೇಲೆ ಚಪ್ಪಲಿ ಅಂಟು ಸವರಿದರೆ ಸೀಳುವುದಿಲ್ಲ.

ಟ್ರ್ಯಾಕ್ ಹಾಕುವ ಮಾತು. ಸುಣ್ಣದ ಪುಡಿಯಿಂದ ಗೆರೆ ಎಳೆಯಬೇಡಿ, ಜಾರುತ್ತದೆ, ಬೇರಿಂಗ್‌ಗೂ ಹೋಗುತ್ತದೆ. ಪಿವಿಸಿ ಪೈಪ್ ಗಾಡಿ ಮುರಿಯುತ್ತದೆ. ಹಾವೇರಿ, ಗದಗ ಕಡೆ ಹೊಲದಲ್ಲಿ ಹಳತಾಗಿ ತೆಗೆದು ಹಾಕಿದ 16 ಮಿ.ಮೀ. ಡ್ರಿಪ್ ಪೈಪ್ ಇದಕ್ಕೆ ಹೇಳಿ ಮಾಡಿಸಿದ್ದು: ತಾಗಿದರೆ ಬಾಗುತ್ತದೆ, ಗಾಡಿ ಹತ್ತಿ ಇಳಿಯುತ್ತದೆ. ಓಡಿಸುವ ಮುಂಚೆ ಕಸಬರಿಗೆಯಿಂದ ಪೂರ್ತಿ ಅಗಲ ಗುಡಿಸಿ, ಓಡುವ ಗೆರೆಯನ್ನಷ್ಟೇ ಅಲ್ಲ. ಓಡಿಸುವವರು ನಿಲ್ಲಲು ಎತ್ತರ ಬೇಕು, ಒಂದು ಟ್ರ್ಯಾಕ್ಟರ್ ಟ್ರ್ಯಾಲಿ ನಿಲ್ಲಿಸಿದರೆ ದೂರದ ತಿರುವೂ ಸರಿಯಾಗಿ ಕಾಣುತ್ತದೆ.

ಓಡಿಸುವಾಗ ನೆನಪಿಡಬೇಕಾದದ್ದು, ಧೂಳಿನ ನೆಲದಲ್ಲಿ ಹಿಡಿತ ಇರುವುದು ಒಂದೇ ಸಾಲಿನಲ್ಲಿ. ಕೆಲವು ಲ್ಯಾಪ್ ಆದ ಮೇಲೆ ಆ ಸಾಲು ಬಣ್ಣ ಬೇರೆಯಾಗಿ ಕಾಣುತ್ತದೆ. ಒಂದು ಮೊಳ ಹೊರಗೆ ಹೋದರೆ ಟೈರಿಗೆ ಧೂಳು ಮೆತ್ತಿ ಮುಂದಿನ ಎರಡು ಮೂರು ತಿರುವೂ ಹಾಳು. ಅದಕ್ಕೇ ಇಲ್ಲಿ ಬದಿಗೆ ಹೋಗಿ ಓವರ್‌ಟೇಕ್ ಮಾಡುವುದಕ್ಕಿಂತ ಮುಂದಿನವನ ಹಿಂದೆ ಒತ್ತಿಕೊಂಡು ಅವನು ಅಗಲಕ್ಕೆ ಹೋಗುವ ತನಕ ಕಾಯುವುದು ಲಾಭ. ಬ್ರೇಕ್ ನೇರದಲ್ಲೇ ಮುಗಿಸಿ, ತಿರುವಿನೊಳಗೆ ಸ್ಟೇರಿಂಗ್ ಒಂದೇ. ಗಾಲಿ ನೆಟ್ಟಗಾಗುತ್ತ ಬಂದಂತೆ ಟ್ರಿಗರ್ ಒತ್ತುತ್ತ ಹೋಗಿ. ನಡುತಿರುವಿನಲ್ಲಿ ಟ್ರಿಗರ್ ಥಟ್ಟನೆ ಬಿಟ್ಟರೆ ಭಾರ ಮುಂದೆ ಬಂದು ಬಾಲ ಸುತ್ತುತ್ತದೆ, ಜೋರು ಒತ್ತಿದರೆ ಮೂತಿ ಹೊರಗೆ ಸರಿಯುತ್ತದೆ. ರೇಡಿಯೋದಲ್ಲಿ ಬ್ರೇಕ್ ಪ್ರಮಾಣ ಶೇ. 60ಕ್ಕೆ ಇಳಿಸಿ. ಸ್ಟೇರಿಂಗ್ ಪ್ರಮಾಣವನ್ನು ಟ್ರ್ಯಾಕಿನ ಅತಿ ಇಕ್ಕಟ್ಟಾದ ತಿರುವಿಗೆ ಸಾಕಾಗುವಷ್ಟೇ ಇಡಿ. ಗಾಡಿ ಎದುರಿಗೆ ಬರುವಾಗ ಎಡ-ಬಲ ಅದಲುಬದಲು ಆಗುವ ಗೊಂದಲಕ್ಕೆ ಎರಡು ಚಪ್ಪಲಿ ಇಟ್ಟು ಎಂಟರ ಆಕಾರದಲ್ಲಿ ಓಡಿಸುವುದೇ ಮದ್ದು. ಕಣ್ಣು ಗಾಡಿಯ ಮೇಲಲ್ಲ, ಅದು ಹೋಗಬೇಕಾದ ಜಾಗದ ಮೇಲಿರಲಿ.

ತಿರುವಿಗೆ ಹೊಕ್ಕಾಗ ಮೂತಿ ತಿರುಗದಿದ್ದರೆ ಮುಂದಿನ ಸ್ಪ್ರಿಂಗ್ ಒಂದು ಹೆಜ್ಜೆ ಮೆತ್ತಗೆ ಮಾಡಿ, ಇಲ್ಲವೇ ಮುಂದಿನ ಡಿಫ್‌ನ ಗ್ರೀಸ್ ತೆಳು ಮಾಡಿ. ಹೊರಬರುವಾಗ ಬಾಲ ಬೀಸಿದರೆ ಹಿಂದಿನ ಸ್ಪ್ರಿಂಗ್ ಮೆತ್ತಗೆ, ಶಾಕ್ ಇನ್ನಷ್ಟು ಕೆಳಗೆ ಚಾಚುವಂತೆ ಸಡಿಲ. ಒಮ್ಮೆಗೆ ಒಂದೇ ಬದಲಾವಣೆ, ಅದನ್ನು ನೆಲದ ಬಿಸಿ, ಟೈರ್ ನಂಬರ್ ಸಮೇತ ವಹಿಯಲ್ಲಿ ಬರೆದಿಡಿ. ಅಭ್ಯಾಸದಲ್ಲಿ ಅತಿ ವೇಗದ ಒಂದು ಲ್ಯಾಪ್ ಎಣಿಸಬೇಡಿ, ಐದು ನಿಮಿಷದಲ್ಲಿ ಒಟ್ಟು ಎಷ್ಟು ಲ್ಯಾಪ್ ಆದವು ಅದನ್ನು ಎಣಿಸಿ. ನಿಮ್ಮ ಹೀಟ್ ಮುಗಿದ ಕೂಡಲೇ ಮಾರ್ಷಲ್ ಜಾಗಕ್ಕೆ ಹೋಗಿ ನಿಲ್ಲಿ, ಬೇರೆಯವರ ಮಗುಚಿದ ಗಾಡಿ ಎತ್ತಿಡುವ ಮೊದಲು ಹಿಂದಿನಿಂದ ಬರುವ ಗಾಡಿ ನೋಡಿಕೊಳ್ಳಿ.

ರೇಸ್ ದಿನ ಚೀಲದಲ್ಲಿ ಇರಬೇಕಾದವು: ಮುಂದಿನ ನಕಲ್ ಮತ್ತು ಕೆಳ ಆರ್ಮ್ ಒಂದು ಜೋಡಿ, ಸರ್ವೋ ಸೇವರ್, ಬಾಡಿ ಪೋಸ್ಟ್ ಮತ್ತು ಕ್ಲಿಪ್, 3 ಮಿ.ಮೀ. ಟ್ಯಾಪಿಂಗ್ ಸ್ಕ್ರೂ ಒಂದು ಹಿಡಿ, 1.5 ಮಿ.ಮೀ. ಎಲ್-ಕೀ, ಗಾಲಿ ನಟ್ಟಿಗೆ 7 ಮಿ.ಮೀ. ಬಾಕ್ಸ್ ಪಾನಾ, ಹಳೆಯ ಹಲ್ಲುಜ್ಜುವ ಬ್ರಶ್. ಮಳೆಗಾಲದಲ್ಲಿ ಒದ್ದೆ ನೆಲದಲ್ಲಿ ಓಡಿಸಿದ್ದರೆ ಅದೇ ಸಂಜೆ ಬೇರಿಂಗ್ ಬಿಚ್ಚಿ ಒರೆಸಿ ಒಂದು ಹನಿ ಹೊಲಿಗೆ ಮಶೀನ್ ಎಣ್ಣೆ ಬಿಡಿ. ಮರುದಿನಕ್ಕೆ ಬಿಟ್ಟರೆ ತುಕ್ಕು ಶುರುವಾಗಿರುತ್ತದೆ.